ರಂಗರಾಜು ಫೋನಿಗೆ ಬರುತ್ತಿದ್ದ ವರಲಕ್ಷ್ಮಿಯ ಓಟಿಪಿ

ಕೊರಟಗೆರೆ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನಾದರೂ ಕೇಳಿ ಸ್ವಾಮಿ, ಸೈಬರ್ ಸೆಂಟರ್ ರಂಗರಾಜು ಕಾಲರ್ ಎತ್ತಿದರೆ ಮಲಗಿದ ಸರ್ಕಾರಿ ಸರ್ವರ್ರೂ ಎದ್ದು ಕೂರುತ್ತದೆ. ಅವನನ್ನು ನೋಡಿ ನಾಚದ ಹುಡುಗಿ ಇನ್ನೂ ಹುಟ್ಟಿಲ್ಲ.

ಅವತ್ತು ಚನ್ನರಾಯನದುರ್ಗದ ವರಲಕ್ಷ್ಮಿ, ಎಂ.ಕಾಂ. ಓದುವವಳು, ಬಂದವಳೇ ಕೌಂಟರ್ ಮೇಲೆ ಬ್ಯಾಗ್ ಕುಕ್ಕಿದಳು.

"ಲೇ ರಂಗ, ನನ್ ಸ್ಕಾಲರ್‌ಶಿಪ್ ಎಲ್ಲೋಯ್ತು?"

"ನನ್ ಕಣ್ಣಾಗೆ ಹುಡುಕು, ಸಿಕ್ರೂ ಸಿಗ್ಬೋದು."

"ಹಲ್ಲು ಕಿರೀಬ್ಯಾಡ. ಕ್ಲಾಸ್ನೋರಿಗೆಲ್ಲ ಬಂತು. ನನ್ ಅರ್ಜಿಗೆ ನಿನ್ ನಂಬರ್ ಐತೆ, ಓಟಿಪಿ ನಿಂಗೇ ಬರ್ತದೆ. ದುಡ್ಡೂ ನೀನೇ ನುಂಗ್ದಾ?"

ಅರ್ಜಿ ಹಾಕಿದಾಗ ಅವಳ ಹತ್ತಿರ ಫೋನ್ ಇರಲಿಲ್ಲ. ಆಮೇಲೆ ಬಂತು. ನಂಬರ್ ಬದಲಾಯಿಸು ಎಂದು ನಾಲ್ಕು ಸಲ ಕೇಳಿದ್ದಳು. ನಾಲ್ಕು ಸಲವೂ "ಸರ್ವರ್ ಡೌನ್".

"ಶನಿವಾರ ಹಾಸ್ಟೆಲ್ ಫೀಸು ಕಟ್ಬೇಕು ಕಣ್ಲಾ. ಇಲ್ಲಾಂದ್ರೆ ಮಾವನ್ನ ಕೇಳ್ಬೇಕು. ಅವ್ನ ದುಡ್ಡಿನ ಹಿಂದೇನೇ ಗಂಡಿನ ಫೋಟೋನೂ ಬರ್ತದೆ."

ಅನುಮಾನ ಬಂದಾಗ ಅವಳ ಎಡಹುಬ್ಬು ಮಾತ್ರ ಮೇಲೇಳುತ್ತದೆ. ಅದನ್ನು ನೋಡುತ್ತಾ ಅವನು ಮೈಮರೆತಿದ್ದಾಗ, ಅವಳು ಅವನ ಫೋನ್ ಕಿತ್ತುಕೊಂಡಳು. ಊರವರ ನೂರಾರು ಓಟಿಪಿಗಳ ಅಡಿಯಲ್ಲಿ ಮೂರು ವಾರದ ಹಳೆಯ ಮೆಸೇಜ್: ಖಾತೆಗೆ ಆಧಾರ್ ಜೋಡಿಸಿಲ್ಲ, ಹಣ ತಡೆಹಿಡಿದಿದೆ.

"ಇದನ್ನ ನೋಡ್ಲೇ ಇಲ್ವಾ?"

ಕಂಪ್ಯೂಟರ್ ತನ್ನತ್ತ ತಿರುಗಿಸಿಕೊಂಡಳು. ನಂಬರ್ ಬದಲಾಯಿಸಲು ಎರಡೇ ನಿಮಿಷ ಹಿಡಿಯಿತು.

"ಸರ್ವರ್ ಡೌನ್ ಅಂದ್ಯಲ್ಲ! ಯಾಕ್ಲಾ?"

ರಂಗರಾಜು ಕನ್ನಡಕ ತೆಗೆದು, ಗಾಳಿಗೆ ಕೂದಲು ಹಾರಿಸಿ, "ಓಟಿಪಿಗೆ ಹತ್ತು ನಿಮಿಷ ಆಯಸ್ಸು ಚಿನ್ನ, ನನ್ ಪ್ರೀತಿಗೆ ಎಕ್ಸ್‌ಪೈರಿನೇ ಇಲ್ಲ" ಎಂದ. ಅವಳು ಕರಗಿ ಅವನೆದೆಗೆ ಒರಗಿದಳು.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಸುಳ್ಳು ಹೇಳಿ ಒಮ್ಮೆ ಅವಳಿಗೆ ಕೆಡುಕು ಮಾಡಿದ್ದಾಗಿದೆ. ರಂಗರಾಜು ಅಂದರೆ ನಾನೇ. ನನಗೆ ಕನ್ನಡಕವೇ ಇಲ್ಲ. ಅವತ್ತು ತಲೆ ತಗ್ಗಿಸಿ, "ನಂಬರ್ ಬದ್ಲಾದ್ರೆ ನೀನ್ ಇಲ್ಲಿಗ್ ಬರಾಕಿಲ್ಲ ಅಂತ" ಎಂದೆ, ಅಷ್ಟೇ. ಅವಳು ಬ್ಯಾಗ್ ಎತ್ತಿಕೊಂಡು ನೇರ ಬ್ಯಾಂಕಿಗೆ ಹೋದಳು. ಆಧಾರ್ ಜೋಡಿಸಿದ ರಸೀದಿ ತೋರಿಸಿ ವಾರ್ಡನ್ ಸರಸಮ್ಮನ ಹತ್ತಿರ ಎರಡು ವಾರ ಗಡುವು ತಗೊಂಡಳಂತೆ.

ಹನ್ನೆರಡನೇ ದಿನ ಬಂದಳು. ದುಡ್ಡು ಬಂದಿತ್ತು, ಫೀಸು ತಾನೇ ಕಟ್ಟಿದ್ದಳು. ನಾನು ಗಾಬರಿಯಲ್ಲಿ, "ಯಾವ ಅರ್ಜಿ?" ಎಂದೆ.

"ಯಾವ್ದೂ ಇಲ್ಲ," ಎಂದಳು. "ನಿನ್ನಿಂದ ಈಗ ಏನೂ ಆಗ್ಬೇಕಾಗಿಲ್ಲ. ಸುಮ್ನೆ ಬಂದೆ."