ಹಳದಿ ಕೋಟಿನವಳು

"ಸ್ವಲ್ಪ ಹಗುರವಾಗಿ ನಡಿ. ಮೂಟೆ ಹೊತ್ತೋನ ಥರ ಇದೆ," ಎಂದಳು ಅವಳು ಮೈಕಿನಲ್ಲಿ.

ಗಾಜಿನ ಆಚೆ ಅವಳ ಗಂಡ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಹೆಂಗಸರ ಹೈಹೀಲ್ಸ್ ಮೆಟ್ಟಿ, ಮರದ ಹಲಗೆಯ ಮೇಲೆ ನಿಂತಿದ್ದ. ಪರದೆಯ ಮೇಲೆ ನಾಯಕಿ ನಡೆದಂತೆಲ್ಲ ಇವನು ನಡೆಯಬೇಕು. ಸಿನಿಮಾಕ್ಕೆ ಹೆಜ್ಜೆಸದ್ದು ಕೊಡುವುದು ಅವನ ಕಸುಬು. ಅದನ್ನು ಚಿತ್ರಕ್ಕೆ ಕೂರಿಸುವುದು ಅವಳದು. ಸ್ಟುಡಿಯೋದಲ್ಲಿ ಎಲ್ಲರಿಗೂ ಅವನು 'ಕಾಲು', ಅವಳು 'ಕಿವಿ'.

"ನಿನ್ನ ಸೊಂಟ ಬಾಡಿಗೆಗೆ ಕೊಡು ಕಿವಿ, ನಡೀತೀನಿ."

ಮೊದಲಾಗಿದ್ದರೆ ನಗುತ್ತಿದ್ದಳು. ಈಗ ಒಳಗೆ ಏನೂ ಅಲುಗಾಡಲಿಲ್ಲ. ಮನೆ ಬಿಟ್ಟು ಅಕ್ಕನ ಮನೆ ಸೇರಿದಾಗಿನಿಂದ ಹೀಗೇ... ಹಲ್ಲು ಕೀಳಿಸಿಕೊಂಡ ಮೇಲೆ ಜೋಮು ಹಿಡಿದ ದವಡೆಯ ಹಾಗೆ. ಈ ರೀಲು ಮುಗಿದರೆ ಮುಂದಿನ ಕೆಲಸ ಬೇರೆ ಊರಿನಲ್ಲಿ. ಇವನ ಮುಖ ಮತ್ತೆ ನೋಡಬೇಕಿಲ್ಲ.

ಸಿನಿಮಾದ ಕತೆಯೂ ಅಂಥದೇ. ಗಂಡನ ಜೊತೆ ಇನ್ನೊಬ್ಬಳನ್ನು ಕಂಡೆ ಎನ್ನುವ ಹೆಂಡತಿ, ನಿನ್ನ ನೆನಪೇ ಸುಳ್ಳು ಎನ್ನುವ ಗಂಡ.

'ಅವಳ ನೆನಪು ಸುಳ್ಳಿರಬಹುದು. ನಾನು ಕಣ್ಣಾರೆ ಕಂಡಿದ್ದೀನಿ. ಹಳದಿ ಕೋಟಿನವಳು, ನಮ್ಮ ಕೋಣೆಯಿಂದ...'

ಕಾಲು ನಡೆದ.

ಟಕ್. ಟಕ್-ಟಿಕ್. ಟಕ್. ಟಕ್-ಟಿಕ್.

ಅವಳ ಬೆರಳು ಗುಂಡಿಯ ಮೇಲೆ ನಿಂತಿತು.

"ಎಡಗಾಲಲ್ಲಿ ಅದೇನು, ಟಿಕ್ ಅಂತ?"

"ಹೀಲ್ ಸಡಿಲ. ನನ್ನ ಅಳತೆಗೆ ಸಿಕ್ಕಿದ್ದು ಇದೊಂದೇ ಜೋಡಿ. ಮನೇಲಿ ಅಭ್ಯಾಸ ಮಾಡುವಾಗಲೇ ಹೀಗಾಗಿತ್ತು."

"ಯಾವಾಗ?"

"ನೀನು ಸದ್ದು ಹಿಡಿಯೋಕೆ ಹೊರಗೆ ಹೋಗಿದ್ದೆಯಲ್ಲ, ಆವಾಗ. ಅಕ್ಕಪಕ್ಕದವರು ನೋಡಿ ಆಡ್ಕೋತಾರೆ ಅಂತ ಬಾಗಿಲು ಹಾಕ್ಕೊಂಡಿದ್ದೆ."

ಬಾಗಿಲು. ಅವಳು ಬೇಗ ಕೆಲಸ ಮುಗಿಸಿ ಬಂದು ಅದರ ಮುಂದೆಯೇ ನಿಂತಿದ್ದಳು, ಕೈಯಲ್ಲಿ ಬೀಗದ ಕೈ. ಒಳಗೆ ಟಕ್-ಟಿಕ್. ಹಾಗೇ ಮೆಟ್ಟಿಲಿಳಿದು ಹೋಗಿದ್ದಳು.

ಅವಳು ಬಾಗಿಲು ತೆರೆದೇ ಇರಲಿಲ್ಲ.

ಹಾಗಾದರೆ ಕಂಡದ್ದು...? ಪರದೆಯ ಮೇಲೆ ನಾಯಕಿ ಅರ್ಧ ಹೆಜ್ಜೆಯಲ್ಲಿ ನಿಂತಿದ್ದಳು. ಮೈಮೇಲೆ ಹಳದಿ ಕೋಟು. ಅಕ್ಕನ ಮನೆಯಲ್ಲಿ ಗಂಡನ ಫೋನೆತ್ತದೆ, ಇದೇ ರೀಲುಗಳನ್ನು ಹಗಲಿಡೀ ಮತ್ತೆ ಮತ್ತೆ ತಿರುಗಿಸಿ ನೋಡಿದ್ದಳು. ಅವನ ಮೇಲೆ ಹಳದಿ ಕೋಟಿನವಳ ಆರೋಪ ಹೊರಿಸಿದ್ದು ಆಮೇಲೆ.

ಅಳು ಬರಬೇಕಿತ್ತು. ಬರಲಿಲ್ಲ. ಎಲ್ಲೋ ಆಳದಲ್ಲಿ ಜೋಮು ಬಿಟ್ಟು ಚುಚ್ಚತೊಡಗಿತು, ಅಷ್ಟೆ.

ಅವನು ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಬಂದ. ಬರಿಗಾಲಲ್ಲಿ ಸದ್ದೇ ಇರಲಿಲ್ಲ.

"ಕಿವಿ, ಇಲ್ಲ ಇಲ್ಲ ಅಂದು ನನಗೂ ಸಾಕಾಯ್ತು. ಇದ್ದಳು ಅಂತ್ಲೇ ಇಟ್ಕೋ. ಹಳದಿ ಕೋಟಿನವಳನ್ನ ನಾನೇ ಕರೆಸಿದ್ದೆ. ನಿಮ್ಮಕ್ಕನ ಮುಂದೆ ಬೇಕಾದ್ರೂ ತಪ್ಪಾಯ್ತು ಅಂತೀನಿ. ಕ್ಷಮಿಸೋಕೆ ನಿನಗೊಂದು ತಪ್ಪು ಬೇಕು ತಾನೇ? ತಗೋ... ಮನೆಗೆ ಬಾ."

ಹೂಂ ಅಂದರೆ ಸಾಕಿತ್ತು. ಕ್ಷಮಿಸಿದವಳಾಗಿ, ತಲೆಯೆತ್ತಿಕೊಂಡು ಮನೆ ಹೊಗಬಹುದಿತ್ತು. ತನ್ನ ನೆನಪು ಸುಳ್ಳೆಂದು ತನಗೆ ತಿಳಿದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ, ಇವನಿಗೂ.

"ಬೇಡ," ಎಂದಳು.

"ಮನೆಗೆ ಬರೋದು ಬೇಡ್ವಾ?"

ಅವಳು ಅವನ ಕೈಯಿಂದ ಎಡಗಾಲಿನ ಚಪ್ಪಲಿ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು.

"ಮನೆಗೆ ಬರ್ತೀನೋ ಇಲ್ವೋ, ಆಮೇಲಿನ ಮಾತು. ನೀನು ಮಾಡದೇ ಇರೋ ತಪ್ಪನ್ನ ನಾನು ತಗೊಳ್ಳಲ್ಲ."