ಐದನೆಯ ಸೀಟು ಯಾರದು?

2025ರ ಸೆಪ್ಟೆಂಬರ್ 8, ಸೋಮವಾರ. ಬೆಳಗ್ಗೆ 10.20ಕ್ಕೆ ಸಿರುಗುಪ್ಪ ಠಾಣೆಗೆ ಅರವತ್ತಾರು ವರ್ಷದ ಹುಲುಗಮ್ಮ ಬಂದರು. ಇನ್‌ಸ್ಪೆಕ್ಟರ್ ಮೀನಾಕ್ಷಿಯವರ ಮೇಜಿನ ಮೇಲೆ, ತಮ್ಮ ತಂಡಕ್ಕೆ ಬಂದಿದ್ದ ರೈಲು ಸೀಟುಗಳ ಹಾಳೆ ಇಟ್ಟರು.

"ನನಗ ಅಕ್ಷರ ಬರಂಗಿಲ್ಲರಿ. ಎಣಿಸಾಕ ಬರ್ತೈತಿ. ಇದರಾಗ ಎಷ್ಟು ಸೀಟು ಅದಾವು ನೋಡ್ರಿ."

ಐದಿದ್ದವು; ಹೆಸರುಗಳಿರಲಿಲ್ಲ. ಹುಲುಗಮ್ಮನದು ಐದು ಜನರ ತೊಗಲುಗೊಂಬೆ ತಂಡ. ಪ್ಯಾರಿಸ್ ಮತ್ತು ಮಿಲಾನ್ ನಗರಗಳ ಉತ್ಸವಗಳು ಕರೆದಿದ್ದವು. ಗುರುವಾರ ಹೊರಡಬೇಕು. ಆದರೆ ಒಂದನೇ ತಾರೀಖು ಬಳ್ಳಾರಿಯ ಟ್ರಾವೆಲ್ ಏಜೆನ್ಸಿಯ ಗುಮಾಸ್ತ ವೀರಭದ್ರ ಫೋನ್ ಮಾಡಿ, ಹುಲುಗಮ್ಮ ಒಬ್ಬರಿಗೆ ವೀಸಾ ಸಿಗಲಿಲ್ಲ, ಪಾಸ್‌ಪೋರ್ಟ್ ದಿಲ್ಲಿಯಲ್ಲೇ ಉಳಿಯಿತು ಎಂದಿದ್ದ.

"ನನಗ ವೀಸಾ ಇಲ್ಲಂದ್ರ ನಾಕು ಸೀಟು ಇರಬೇಕು. ಐದನೇದು ಯಾರ್ದು?"

ಮೀನಾಕ್ಷಿ ತಾರೀಖು ನೋಡಿದರು. ಪ್ಯಾರಿಸ್‌ನಿಂದ ಮಿಲಾನ್‌ಗೆ ಸೀಟು ಕಾಯ್ದಿರಿಸಿದ್ದು ಮೂರನೇ ತಾರೀಖು. ವೀಸಾ ಇಲ್ಲವೆಂದು ಹೇಳಿ ಎರಡು ದಿನವಾದ ಮೇಲೆ.

11 ಗಂಟೆಗೆ ವಂಚನೆಯ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ 12.45ಕ್ಕೆ ಮೀನಾಕ್ಷಿ ಮತ್ತು ಕಾನ್‌ಸ್ಟೇಬಲ್ ಓಬಳೇಶ ಬಳ್ಳಾರಿಯ ಪಾರ್ವತಿನಗರದಲ್ಲಿದ್ದ ಏಜೆನ್ಸಿಯ ಮೆಟ್ಟಿಲು ಹತ್ತಿದರು. ಮಾಲೀಕ ತಿಪ್ಪೇಸ್ವಾಮಿ ಗಾಬರಿಯಾಗಿ ಎದ್ದು ನಿಂತ.

"ವೀರಭದ್ರ ಎಲ್ಲಿ?"

"ರಜಾ ಹಾಕ್ಯಾನ್ರಿ. ಶನಿವಾರದಿಂದ."

"ಎಷ್ಟು ದಿನ?"

"ಮೂರು ವಾರ. ಹನ್ನೊಂದು ವರ್ಷದಾಗ ಇದೇ ಮೊದಲು."

ಓಬಳೇಶ ಕೊರಿಯರ್ ಪುಸ್ತಕ ತಿರುವಿದ. "ಮೇಡಂ, ಆಗಸ್ಟ್ ಮೂವತ್ತಕ್ಕ ಆರು ಪಾಸ್‌ಪೋರ್ಟ್ ಬಂದಾವು. ಸಹಿ ವೀರಭದ್ರಂದು."

ತಂಡ ಐದು ಜನರದು, ಪಾಸ್‌ಪೋರ್ಟ್ ಆರು. ತಿಪ್ಪೇಸ್ವಾಮಿ ಕಡತ ತೆಗೆದ. ಉತ್ಸವದವರ ಮೂಲ ಪತ್ರದಲ್ಲಿ ಐದು ಹೆಸರು, ಐದೇ ಜನರ ಖರ್ಚು. ವೀಸಾಕ್ಕೆ ಕಳಿಸಿದ ಪ್ರತಿಯಲ್ಲಿ ಆರು. ಆರನೆಯದು ವೀರಭದ್ರನದು. ಕೆಲಸ: ಗೊಂಬೆಯಾಟದ ಸಹಾಯಕ.

"ರೈಲಿನ ಪಾಸು ತೋರಿಸ್ರಿ," ಎಂದರು ಮೀನಾಕ್ಷಿ.

ಒಂದೇ ಪಾಸಿನಲ್ಲಿ ಹಲವು ದೇಶಗಳ ರೈಲು ಹತ್ತಬಹುದು, ಆದರೆ ಗಡಿ ದಾಟುವ ವೇಗದ ರೈಲುಗಳಿಗೆ ಸೀಟು ಬೇರೆ ಕಾಯ್ದಿರಿಸಬೇಕು ಎಂದು ತಿಪ್ಪೇಸ್ವಾಮಿ ವಿವರಿಸುತ್ತ ಕಂಪ್ಯೂಟರ್ ತೆರೆದ. ಸೆಪ್ಟೆಂಬರ್ 2, ಸಂಜೆ 4.10: ಹುಲುಗಮ್ಮನ ಪಾಸು ರದ್ದು. 4.19: ವೀರಭದ್ರನ ಹೆಸರಿನಲ್ಲಿ ಹೊಸ ಪಾಸು. ವಿಮಾನದ ಟಿಕೆಟ್ಟಿನ ಕತೆಯೂ ಅದೇ. ತಿಪ್ಪೇಸ್ವಾಮಿ ತಲೆ ಹಿಡಿದುಕೊಂಡು ಕೂತ.

ಸಂಜೆ 4.30ಕ್ಕೆ ಜೀಪು ಕುರುಗೋಡಿನಲ್ಲಿ ವೀರಭದ್ರನ ಮನೆ ಮುಂದೆ ನಿಂತಿತು. ಅವನು ಅಂಗಿ ಮಡಚಿ ಸೂಟ್‌ಕೇಸಿಗೆ ಹಾಕುತ್ತಿದ್ದ. ನಲವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಗೋಡೆ ತುಂಬ ಯುರೋಪಿನ ರೈಲು ನಕ್ಷೆ.

"ಹುಲುಗಮ್ಮನ ಪಾಸ್‌ಪೋರ್ಟ್ ಎಲ್ಲೈತಿ?"

"ದಿಲ್ಲಿಯೊಳಗ…"

"ಕೊರಿಯರ್ ಪುಸ್ತಕ ನೋಡೀನಿ, ವೀರಭದ್ರ."

ಅವನು ಅಂಗಿ ಕೆಳಗಿಟ್ಟ. ಕಪಾಟಿನ ಕಡೆ ಕೈ ತೋರಿದ. ಹಳೆಯ ರೈಲು ವೇಳಾಪಟ್ಟಿಯ ದಪ್ಪ ಪುಸ್ತಕದೊಳಗೆ ಪಾಸ್‌ಪೋರ್ಟ್ ಇತ್ತು. ಅದರಲ್ಲಿ ವೀಸಾ ಇತ್ತು. ಇಬ್ಬರು ಪಂಚರ ಎದುರು ಪಂಚನಾಮೆ ಬರೆದು, 5.40ಕ್ಕೆ ಅವನನ್ನು ಬಂಧಿಸಿದರು.

ಮಂಗಳವಾರ ತಿಪ್ಪೇಸ್ವಾಮಿ ತಾನೇ ಕೂತು ಹುಲುಗಮ್ಮನ ಹೆಸರಿನಲ್ಲಿ ಪಾಸು, ಟಿಕೆಟ್ಟು ಮತ್ತೆ ಮಾಡಿಸಿದ. ಬುಧವಾರ ಮಧ್ಯಾಹ್ನ ನ್ಯಾಯಾಲಯದ ಆದೇಶ ಪಡೆದು ಮೀನಾಕ್ಷಿ ಪಾಸ್‌ಪೋರ್ಟನ್ನು ಹುಲುಗಮ್ಮನ ಕೈಗಿಟ್ಟರು. ಆಕೆ ಅದನ್ನು ಕಣ್ಣಿಗೊತ್ತಿಕೊಂಡು, "ನಮ್ಮ ಗೊಂಬಿ ಹನುಮಪ್ಪ ಸಮುದ್ರ ಹಾರಾಕ ತಯಾರಾದ ನೋಡ್ರಿ!" ಎಂದಾಗ ಠಾಣೆಗೆ ಠಾಣೆಯೇ ನಕ್ಕಿತು.

17ನೇ ತಾರೀಖು ಸಂಜೆ ಓಬಳೇಶನ ಫೋನಿಗೆ ಧ್ವನಿ ಸಂದೇಶ ಬಂತು. ರೈಲಿನ ಸದ್ದು, ನಡುವೆ ಹುಲುಗಮ್ಮನ ಗಟ್ಟಿ ದನಿ: "ಗಡಿ ದಾಟಿದ್ವಿ ಮೇಡಂ! ಪ್ಯಾರಿಸ್‌ನಾಗ ಮಂದಿ ಎದ್ದು ನಿಂತು ಚಪ್ಪಾಳಿ ಹೊಡದ್ರು!" ಓಬಳೇಶ ಅದನ್ನು ಮೂರು ಸಲ ಹಾಕಿದ. ಠಾಣೆಯ ರೈಟರ್‌ನಿಂದ ಹಿಡಿದು ಕಾವಲಿನ ಪೇದೆಯವರೆಗೆ ಎಲ್ಲರೂ ಚಪ್ಪಾಳೆ ತಟ್ಟಿದರು.

ಆಮೇಲೆ ಮೀನಾಕ್ಷಿ ದೋಷಾರೋಪ ಪಟ್ಟಿಯ ಕೆಲಸಕ್ಕೆ ಕೂತರು. ಆರೋಪಿಯ ಉದ್ದೇಶ ಎಂಬಲ್ಲಿ ಪೆನ್ನು ನಿಂತಿತು. ವಿಚಾರಣೆಯಲ್ಲಿ ವೀರಭದ್ರ ತಲೆ ತಗ್ಗಿಸಿ ಹೇಳಿದ್ದ:

"ಹನ್ನೊಂದು ವರ್ಷ ಮಂದೀಗಿ ಕಿಟಕಿ ಸೀಟು ಹುಡುಕಿಕೊಟ್ಟೀನ್ರಿ. ಯಾವ ಊರಾಗ ಯಾವ ಕಡೆ ಬೆಟ್ಟ ಕಾಣತಾವು, ಅದೂ ಹೇಳ್ತಿದ್ದೆ. ನಾನು ಇಲ್ಲೇ ಬಾಜೂಕಿನ ಗುಂತಕಲ್ ಸೈತ ದಾಟಿಲ್ಲ. ಆಯಮ್ಮಗ ಓದಾಕ ಬರಂಗಿಲ್ಲ, ಏನೂ ಕೇಳಂಗಿಲ್ಲ ಅನಕೊಂಡೆ."

ಮೀನಾಕ್ಷಿ ಅದನ್ನು ಒಂದಕ್ಷರ ಬಿಡದೆ ಬರೆದು, ಕೆಳಗೆ ಸಹಿ ಹಾಕಿದರು.