ಮೇಲಿನ ಪದರ

ಯಂತ್ರ ಗುಂಯ್‌ಗುಟ್ಟುತ್ತ ಉಗ್ರಾಣದ ಮಣ್ಣಿನ ನೆಲದ ಮೇಲೆ ತೆವಳಿತು. ಪರದೆಯಲ್ಲಿ ಒಂದೊಂದಾಗಿ ಮೈಗಳು ಮೂಡಿದವು. ಮಂಡಿ ಎದೆಗೊತ್ತಿ, ಒಬ್ಬರ ಬೆನ್ನಿಗೆ ಒಬ್ಬರ ಹೊಟ್ಟೆ ತಾಗಿಸಿ ಮಲಗಿದವರು. ಮಗ್ಗುಲು ಬದಲಿಸಲೂ ಜಾಗವಿರಲಿಲ್ಲ.

"ಇದು ಭತ್ತದ ಉಗ್ರಾಣ, ಡಾಕ್ಟ್ರೇ," ಎಂದರು ಮಾಲೀಕ ರತ್ನಾಕರರಾಯರು. "ಅಜ್ಜನ ಕಾಲದಿಂದ ಇಲ್ಲಿ ಭತ್ತ ತುಂಬ್ತಿದ್ರು. ಜನರನ್ನಲ್ಲ."

"ಭತ್ತ ಬೆವರೂದಿಲ್ಲ, ರಾಯರೇ," ಎಂದಳು ಡಾ. ಮರ್ಸೆಲಿನಾ ಸಿದ್ದಿ.

ಅವಳು ಕಂಡುಹಿಡಿದ ಈ 'ನೆಲದರ್ಶಕ' ೨೦೬೮ರ ಹೊತ್ತಿಗೆ ದೊಡ್ಡಮನೆಗಳ ನಿದ್ದೆ ಕೆಡಿಸಿತ್ತು. ಮಲಗಿದವರ ಬೆವರಿನ ಉಪ್ಪು, ಚರ್ಮದ ಜಿಡ್ಡು ನೆಲಕ್ಕಿಳಿದು ಅಲ್ಲೇ ಉಳಿಯುತ್ತದೆ. ಯಂತ್ರ ಸೂಕ್ಷ್ಮ ಅಲೆಗಳನ್ನು ಕೆಳಗೆ ಕಳಿಸಿ, ಉಪ್ಪಿಗೆ ತಾಗಿ ಮರಳಿದವುಗಳಿಂದ ಆಕಾರ ಬಿಡಿಸುತ್ತದೆ, ಪದರದ ಕಾಲವನ್ನೂ ತೋರಿಸುತ್ತದೆ. ನೂರು ವರ್ಷಕ್ಕೂ ಹಿಂದೆ ಗುಲಾಮರನ್ನು ಕೂಡಿಟ್ಟಿದ್ದ ಕಟ್ಟಡವೆಂದು ಸಾಬೀತಾದರೆ ಸರ್ಕಾರ ಅದನ್ನು ಸ್ಮಾರಕ ಮಾಡಬೇಕೆಂಬ ಕಾನೂನೂ ಬಂದಿತ್ತು. ತನ್ನ ಮುತ್ತಜ್ಜಿಯ ಅಜ್ಜಿಯನ್ನು ಇಲ್ಲೇ ಕೂಡಿಹಾಕುತ್ತಿದ್ದರೆಂದು ಮರ್ಸೆಲಿನಾ ಮನೆಯಲ್ಲಿ ಕೇಳಿ ಬೆಳೆದವಳು. ಅದೆಲ್ಲ ಕಟ್ಟುಕತೆ ಎಂದು ರಾಯರ ಮನೆಯವರು ಹೇಳಿಕೊಂಡು ಬಂದವರು. ರಾಯರಿಗೆ ಈಗ ಇಲ್ಲಿ ರೆಸಾರ್ಟ್ ಆಗಬೇಕಿತ್ತು.

ಪರೀಕ್ಷೆಯ ಸುದ್ದಿ ತಿಳಿದ ಕೂಡಲೇ ರಾಯರು ನೆಲಕ್ಕೆ ದಪ್ಪಗೆ ಸೆಗಣಿ ಸಾರಿಸಿದ್ದರು. ಅತಿಬುದ್ಧಿ! ಹಿಂದಿನವರು ಹಬ್ಬ ಹಬ್ಬಕ್ಕೂ ಸಾರಿಸಿದ್ದರಿಂದಲೇ ಕೆಳಗಿನ ಉಪ್ಪು ಪದರ ಪದರವಾಗಿ ಭದ್ರವಾಗಿತ್ತು. ರಾಯರ ಸೆಗಣಿ ಇನ್ನೊಂದು ಪದರವನ್ನು ಭದ್ರ ಮಾಡಿತ್ತು. ಮಾಡಿದ್ದುಣ್ಣೋ ಮಹರಾಯ.

ಆ ಪದರ ಪರದೆಗೆ ಬಂದಾಗ ಮರ್ಸೆಲಿನಾ ಯಂತ್ರ ಕೆಟ್ಟಿತೆಂದುಕೊಂಡಳು. ಅದೇ ಮಂಡಿ, ಅದೇ ಬೆನ್ನು. ಕಾಲಮಾನ ಮಾತ್ರ ಈ ವರ್ಷದ್ದು.

ಹೊರಗೆ ರೆಸಾರ್ಟಿನ ಕೆಲಸಕ್ಕೆ ಸಿಮೆಂಟು ಕಲಸುತ್ತಿದ್ದ ಒಡಿಶಾದ ಹೆಂಗಸೊಬ್ಬಳು ಬಾಗಿಲಿಗೆ ಬಂದು ನಿಂತಿದ್ದಳು.

"ನೀವು ಇಲ್ಲೇ ಮಲಗೂದಾ?"

"ಹಾಂ, ದೀದಿ. ರಾತ್ರಿ ಹೊರಗಿಂದ ಚಿಲಕ ಹಾಕ್ತಾರೆ. ನಮ್ಮ ಫೋನೆಲ್ಲ ಸಾಹೇಬರ ಹತ್ರ."

"ಕಳ್ಳಕಾಕರ ಕಾಟ, ಅದಕ್ಕೆ," ಎಂದ ರಾಯರು ದನಿ ತಗ್ಗಿಸಿದರು. "ಆಯ್ತು ಮಾರಾಯ್ತಿ, ಹಳೇ ಪದರ ಒಪ್ಕೊಳ್ತೆ. ಸ್ಮಾರಕ ಮಾಡಿ, ನಿಮ್ಮ ಅಜ್ಜಿ ಹೆಸರೇ ಇಡಿ. ನೋಡೂಕೆ ಜನ ಬರ್ತಾರೆ, ನಂಗೂ ಅಡ್ಡಿಲ್ಲ. ಮೇಲಿನ ಪದರ ಒಂದು ಅಳಿಸಿಬಿಡಿ. ಇಲ್ಲಾಂದ್ರೆ ಕೋರ್ಟಿಗೆ ಹೋಗ್ತೆ, ನಿಮ್ಮ ಜನ್ಮದಲ್ಲಿ ಸ್ಮಾರಕ ಆಗೂದಿಲ್ಲ."

ಆಸೆಯಾಯಿತು ಅವಳಿಗೆ. ಆ ಹೆಸರನ್ನು ಈ ಗೋಡೆಯ ಮೇಲೆ ನೋಡಲೆಂದೇ ಯಂತ್ರ ಕಟ್ಟಿದವಳು. ಆಸೆಯಾದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಎರಡೂ ಪದರಗಳ ಚಿತ್ರಗಳನ್ನು ಸ್ಮಾರಕಗಳ ಇಲಾಖೆಗೆ ಕಳಿಸಿ, ಅಲ್ಲಿನ ಅಧಿಕಾರಿಗೆ ಫೋನು ಮಾಡಿದಳು.

"ಹಳೇದು ಸ್ವೀಕರಿಸಿದ್ದೀವಿ, ಮೇಡಂ," ಎಂದಿತು ಸಮಾಧಾನದ ದನಿ. "ಹೊಸದು ನಮ್ಮ ವ್ಯಾಪ್ತಿಗೆ ಬರೋದಿಲ್ಲ. ನೂರು ವರ್ಷ ಆಗ್ಬೇಕಲ್ಲ?"

"ಇವತ್ತು ರಾತ್ರಿ ಅವ್ರನ್ನ ಮತ್ತೆ ಕೂಡಿಹಾಕ್ತಾರೆ, ಸರ್."

"ಕಾರ್ಮಿಕ ಇಲಾಖೆಗೊಂದು ಅರ್ಜಿ ಕೊಡಿ. ಸರದಿ ಪ್ರಕಾರ ನೋಡ್ತಾರೆ."

ಮರ್ಸೆಲಿನಾ ಫೋನು ಜೇಬಿಗಿಟ್ಟಳು. ಅಂಗಳದಲ್ಲಿ ಬಿದ್ದಿದ್ದ ಹಾರೆ ಎತ್ತಿಕೊಂಡು ಬಂದು, ರಾಯರು ಕೂಗುತ್ತಿದ್ದಂತೆಯೇ ಬಾಗಿಲಿನ ಚಿಲಕಕ್ಕೆ ಕೊಟ್ಟು ಮೀಟಿದಳು. ಒಂದು ಸಲಕ್ಕೆ ಬರಲಿಲ್ಲ. ಒಡಿಶಾದ ಹೆಂಗಸೂ ಬಂದು ಕೈಹಚ್ಚಿದಳು. ಚಿಲಕ ಮರದ ಚಕ್ಕೆಯ ಸಮೇತ ಕಿತ್ತು ಬಂತು.

ಚಿಲಕ ಮುರಿದರೆಂಬ ರಾಯರ ದೂರಿಗೆ ಸರದಿ ಇರಲಿಲ್ಲ. ಪೊಲೀಸರು ಅರ್ಧ ಗಂಟೆಯೊಳಗೆ ಬಂದರು.